ಬಿಗಿಯದ ಕುಣಿಕೆ

ಎರಡನೆಯ ನಡುಗಡ್ಡೆಗೆ ಬೋಟು ತಾಗಿದಾಗ ಹುಲಿಗೆಮ್ಮನ ಕೈಯಲ್ಲಿ ಇನ್ನೂ ಅರ್ಧ ಸಜ್ಜೆ ರೊಟ್ಟಿ ಉಳಿದಿತ್ತು.

"ತಿಂದು ಮುಗಿಸ್ರಿ ಅಕ್ಕ, ಆಮೇಲೆ ಇಳಿಯಾಣ," ಎಂದಳು ಯಶೋದಾ.

ಬೆಳಗಿನಿಂದ ಇದು ನಾಲ್ಕನೆಯ ರೊಟ್ಟಿ. ಬೇಡವೆಂದರೆ ಆ ಹೆಂಗಸಿನ ಮುಖ ಬಾಡುತ್ತಿತ್ತು. ಮಗಳನ್ನು ಹುಡುಕಲು ಬಂದವರಿಗೆ ಕೊಡುವುದಕ್ಕೆ ಅವಳ ಹತ್ತಿರ ಇದ್ದದ್ದು ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಮತ್ತೆ ಮುಗಿಯುವ ಎರಡು ಕೈ, ಅಷ್ಟೇ. ಹುಲಿಗೆಮ್ಮ ಸುಮ್ಮನೆ ತಿಂದಳು.

ಎಂಟು ದಿನದ ಹಿಂದೆ ಇದೇ ಬೋಟಿನಲ್ಲಿ ಗೆಳತಿಯರ ಜೊತೆ ನಡುಗಡ್ಡೆ ಸುತ್ತಲು ಬಂದಿದ್ದ ಯಶೋದಾಳ ಮಗಳು ಅಂಜಲಿ, ಮೂರನೆಯ ನಡುಗಡ್ಡೆಯಲ್ಲಿ ಕಾಣೆಯಾಗಿದ್ದಳು. ಹುಡುಗಿಯೂ ಸಿಕ್ಕಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ.

ಹುಲಿಗೆಮ್ಮನಿಗೆ ಅರವತ್ತೆರಡು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಮೇಲೆ ಹೊಳಲ್ಕೆರೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಹಾಯಾಗಿ ಇರಬೇಕಾದವಳು. ಇದ್ದಳೇ? ಯಾರದ್ದಾದರೂ ಎಮ್ಮೆ ಕಳೆದರೂ ಸರ ಕಳೆದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳೂ ಬೈದುಕೊಂಡೇ ಚಪ್ಪಲಿ ಮೆಟ್ಟುತ್ತಿದ್ದಳು. ಈ ಸಲವೂ ಹಾಗೇ ಆಯಿತು. ಆದರೆ ಈ ಸಲ ಅವಳ ಜೀವವೇ ಹೋಗಿ ಬಂದಿತ್ತು.

ಮೊನ್ನೆ ಹುಡುಕಾಟದ ನಡುವೆ ಅವಳು ಕೂತಿದ್ದ ಬೋಟು ಮುಳುಗಿದ ಮರದ ಬೊಡ್ಡೆಗೆ ಬಡಿದು ಮಗುಚಿತ್ತು. ಈಜು ಬಾರದ ಹುಲಿಗೆಮ್ಮ ಎರಡು ಸಲ ಮುಳುಗಿ ಮೂರನೆಯ ಸಲ ಮೇಲೆ ಬಂದಾಗ ಒಂದು ಹಗ್ಗದ ಕುಣಿಕೆ ತಲೆಯ ಮೇಲಿಂದ ಇಳಿದು ಕಂಕುಳಿಗೆ ಬಂತು. ಎಳೆದವನು ಗೋವರ್ಧನ, ಈಗ ಇದೇ ಬೋಟಿನ ಹಿಂಭಾಗದಲ್ಲಿ ಮೋಟರಿನ ಹಿಡಿ ಹಿಡಿದು ಕೂತಿರುವವನು.

ಅವನಿಗೆ ನಲವತ್ತರ ಆಸುಪಾಸು. ಕುರಿ ಕಾಯುವ ಹಟ್ಟಿಯಲ್ಲಿ ಹುಟ್ಟಿ, ಕಣಿವೆಯ ನೀರು ತುಂಬಿದ ಮೇಲೆ ಬೋಟು ಹಿಡಿದವನು. ಮೂರು ದಿನದಿಂದ ಹುಲಿಗೆಮ್ಮ ಅವನಿಗೆ ಹತ್ತು ಸಲ ಕೈಮುಗಿದಿದ್ದಳು. ಹತ್ತು ಸಲವೂ ಅವನು ನೀರಿನ ಕಡೆ ತಿರುಗಿಕೊಂಡಿದ್ದ. ಯಶೋದಾ ಕೈಮುಗಿದರಂತೂ ಎದ್ದೇ ಹೋಗುತ್ತಿದ್ದ. ಎಂಟು ದಿನದಿಂದ ಆ ತಾಯಿಯನ್ನು ಕೂರಿಸಿಕೊಂಡು ನೀರೆಲ್ಲ ಸುತ್ತಿಸಿದವನು ಡೀಸೆಲ್ಲಿಗೂ ಅವಳ ಮುಂದೆ ಕೈ ಚಾಚಿರಲಿಲ್ಲ. ನಾಚಿಕೆಯ ಮನುಷ್ಯ ಎಂದುಕೊಂಡಿದ್ದಳು ಹುಲಿಗೆಮ್ಮ.

"ಇಳೀರಿ ಅಮ್ಮಾರೆ, ಹುಷಾರು, ಪಾಚಿ ಐತೆ," ಎಂದ ಗೋವರ್ಧನ. ಹಗ್ಗ ಹಿಡಿದು ದಡಕ್ಕೆ ಹಾರಿ, ಒಂದು ಮೋಟು ಈಚಲಿಗೆ ಕುಣಿಕೆ ಹಾಕಿದ.

ವಾಣಿವಿಲಾಸ ಸಾಗರ ತುಂಬಿದಾಗ ಸುತ್ತಲಿನ ಗುಡ್ಡಗಳ ನೆತ್ತಿ ಮಾತ್ರ ನೀರಿನ ಮೇಲೆ ಉಳಿಯುತ್ತದೆ. ನಿನ್ನೆಯವರೆಗೆ ಆಡು ಮೇಯುತ್ತಿದ್ದ ಜಾಗ ಇವತ್ತು ನಡುಗಡ್ಡೆ. ಹಿರಿಯೂರಿನ ಕಲ್ಲೇಶ್ ಇದನ್ನು ನೋಡಿದವನೇ ನಾಲ್ಕು ಬೋಟು ತಂದು, 'ನಮ್ಮೂರ ಅಂಡಮಾನ್: ಒಂದು ದಿನ, ಐದು ನಡುಗಡ್ಡೆ' ಎಂದು ಬೋರ್ಡು ಹಾಕಿಬಿಟ್ಟ. ಎರಡನೆಯ ನಡುಗಡ್ಡೆಯಲ್ಲಿ ಪ್ಲಾಸ್ಟಿಕ್ಕಿನ ತೆಂಗಿನ ಮರವನ್ನೂ ನೆಟ್ಟಿದ್ದ. ಬಂದವರೆಲ್ಲ ಅದರ ಕೆಳಗೆ ನಿಂತು ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಜಲಿಯೂ ತೆಗೆಸಿಕೊಂಡಿದ್ದಳು. ಆ ಫೋಟೋ ಈಗ ಹುಲಿಗೆಮ್ಮನ ಫೋನಿನಲ್ಲಿತ್ತು. ಇಪ್ಪತ್ತನಾಲ್ಕರ ಹುಡುಗಿ, ಹಿರಿಯೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಬಾಯಿತುಂಬ ನಗುತ್ತಿದ್ದಳು.

ಯಶೋದಾ ಆ ತೆಂಗಿನ ಮರದ ಹತ್ತಿರ ಹೋಗಿ ಅದರ ಪ್ಲಾಸ್ಟಿಕ್ ಬೊಡ್ಡೆಯನ್ನು ಮುಟ್ಟಿದಳು. "ಇಲ್ಲಿಗಂಟ ನನ್ನ ಮಗಳು ಸುಖವಾಗಿದ್ಲು. ಅಷ್ಟಕ್ಕಾದ್ರೂ ದೇವ್ರಿಗೆ ಶರಣು," ಎಂದಳು.

ಮಾಡದಕೆರೆ ಕಡೆಯ ಹಟ್ಟಿಯೊಂದರಲ್ಲಿ ಅಂಗನವಾಡಿ ನಡೆಸುವ ಈ ಹೆಂಗಸಿಗೆ ನಾಳೆ ಬೆಳಿಗ್ಗೆಯ ಗಡುವು ಇತ್ತು. ಹಟ್ಟಿಯ ಹಿರಿಯರು, ಇನ್ನು ಕಾಯುವುದು ಸಾಕು, ನಾಳೆ ನೀರಿಗೇ ಹಾಲು ತುಪ್ಪ ಬಿಟ್ಟು ಹುಡುಗಿಯ ಹೆಸರು ಮುಗಿಸೋಣ ಎಂದಿದ್ದರು. ಮುಳುಗುಗಾರರು ಆರನೆಯ ದಿನವೇ ಹಿಂದಿರುಗಿದ್ದರು. ಒಂದೇ ಒಂದು ದಿನ ಕೊಡಿ ಎಂದು ಕಾಲು ಹಿಡಿದು ಕೇಳಿಕೊಂಡು ಯಶೋದಾ ಇವತ್ತಿನ ದಿನ ಪಡೆದಿದ್ದಳು. ಅಂಜಲಿ ಹೋದ ದಾರಿಯಲ್ಲೇ, ಅದೇ ಬೋಟಿನಲ್ಲಿ, ಅದೇ ಹೊತ್ತಿಗೆ ಒಂದೊಂದೇ ನಡುಗಡ್ಡೆ ಇಳಿದು ನೋಡೋಣ ಎಂದದ್ದು ಹುಲಿಗೆಮ್ಮ.

ಅನುಮಾನಕ್ಕೆ ಜನರಿದ್ದರು. ಹರಿದ ಲೈಫ್ ಜಾಕೆಟ್ಟುಗಳನ್ನು ವಿಡಿಯೋ ಮಾಡಿದಳೆಂದು ಕಲ್ಲೇಶ್ ಆ ಬೆಳಿಗ್ಗೆ ಅಂಜಲಿಯ ಮೇಲೆ ಕೂಗಾಡಿದ್ದ. ಅದೇ ದಿನ ಅದೇ ಬೋಟಿನಲ್ಲಿ ಬಂದಿದ್ದ ಲ್ಯಾಬಿನ ಪ್ರದೀಪ್ ಎರಡು ತಿಂಗಳ ಹಿಂದೆ ಮದುವೆಯಾಗು ಎಂದು ಕೇಳಿ ಇಲ್ಲವೆನಿಸಿಕೊಂಡಿದ್ದ. ಆದರೆ ಕಲ್ಲೇಶ್ ಇಡೀ ದಿನ ದಡದಲ್ಲೇ ಇದ್ದ. ಪ್ರದೀಪನಂತೂ ಬೋಟು ಹತ್ತಿದ್ದೇ ವಾಂತಿ ಮಾಡಿಕೊಂಡು ಮೊದಲನೆಯ ನಡುಗಡ್ಡೆಯಲ್ಲೇ ಮಲಗಿದ್ದ. ಪಾಪದ ಪ್ರಾಣಿ.

ಹೊರಡುವಾಗ ಗೋವರ್ಧನ ಈಚಲಿನಿಂದ ಹಗ್ಗ ಬಿಡಿಸುವುದನ್ನು ಹುಲಿಗೆಮ್ಮ ನೋಡುತ್ತ ನಿಂತಳು. ಉಳಿದ ಬೋಟಿನವರು ಹಗ್ಗವನ್ನು ಸುಮ್ಮನೆ ಮೂರು ಸುತ್ತು ಸುತ್ತಿ ಬಿಡುವುದನ್ನು ಅವಳು ನೋಡಿದ್ದಳು. ಇದು ಬೇರೆ.

"ಏನಪ್ಪ ಗೋವರ್ಧನ, ಇದು ಯಾವ ಗಂಟು?"

"ಇದಾ? ಮರಿ ಗಂಟು ಅಮ್ಮಾರೆ. ಕುರಿಮರಿ ಕೊರಳಿಗೆ ಹಾಕೋದು. ಅದು ಎಷ್ಟು ಜಗ್ಗಾಡಿದ್ರೂ ಕುಣಿಕೆ ಬಿಗಿಯಲ್ಲ. ಬಿಗಿಯೋ ಗಂಟು ಹಾಕಿದ್ರೆ ಬೆಳಗಾಗ ಹೊತ್ಗೆ ಮರಿ ಸತ್ತಿರ್ತೈತೆ."

"ಬೋಟೇನು ಸಾಯಲ್ಲವಲ್ಲ."

ಗೋವರ್ಧನ ಬೆಳಗಿನಿಂದ ಮೊದಲ ಸಲ ನಕ್ಕ. "ಕೈಗೆ ಬರೋದು ಅದೊಂದೇ. ಕಲ್ಲೇಶಣ್ಣನೂ ಬೈತಾರೆ, ನೀನು ಬೋಟು ಕಟ್ತೀಯೋ ಟಗರು ಕಟ್ತೀಯೋ ಅಂತ."

ಮೊನ್ನೆ ತನ್ನ ಎದೆಗೆ ಬಿದ್ದದ್ದೂ ಇದೇ ಕುಣಿಕೆಯಿರಬೇಕು ಎಂದುಕೊಂಡಳು ಹುಲಿಗೆಮ್ಮ. ಅಷ್ಟು ದೂರ ನೀರಿನಲ್ಲಿ ಎಳೆದರೂ ಪಕ್ಕೆಲುಬು ನೋಯಿಸದ ಹಗ್ಗ. ಮರಿಯಂತೆಯೇ ತನ್ನನ್ನು ಎಳೆದುಕೊಂಡಿದ್ದ ಈ ಮನುಷ್ಯ. ಅವಳಿಗೆ ಅವನ ಮೇಲೆ ಅಕ್ಕರೆ ಉಕ್ಕಿ ಬಂತು.

ಮೂರನೆಯ ನಡುಗಡ್ಡೆ ಬರೀ ಬಂಡೆ. ಮಟಮಟ ಮಧ್ಯಾಹ್ನದ ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಗೆಳತಿಯರು ಊಟದ ಡಬ್ಬಿ ಬಿಚ್ಚುತ್ತಿದ್ದಾಗ, ಆ ಕಡೆಯಿಂದ ಫೋಟೋ ತೆಗೆದು ಬರ್ತೀನಿ ಎಂದು ಅಂಜಲಿ ದೊಡ್ಡ ಗುಂಡುಬಂಡೆಯ ಹಿಂದೆ ಹೋದವಳು ಮತ್ತೆ ಬಂದಿರಲಿಲ್ಲ. ಅವಳ ಲೈಫ್ ಜಾಕೆಟ್ಟು ಮಾತ್ರ ಸಂಜೆ ದೂರದ ಜೊಂಡಿನಲ್ಲಿ ಸಿಕ್ಕಿತ್ತು.

ಆ ಜಾಕೆಟ್ಟನ್ನು ಹುಲಿಗೆಮ್ಮ ಠಾಣೆಯಲ್ಲಿ ಕೈಯಾರೆ ಮುಟ್ಟಿ ನೋಡಿದ್ದಳು. ಅದರ ಬಕಲುಗಳು ಮುರಿದಿರಲಿಲ್ಲ. ಎರಡನ್ನೂ ಯಾರೋ ಬೆರಳಿನಿಂದ ಒತ್ತಿ ಬಿಚ್ಚಿದ್ದರು. ಜಾರಿ ಬಿದ್ದು ಮುಳುಗುವವಳು ಜಾಕೆಟ್ಟು ಏಕೆ ಬಿಚ್ಚುತ್ತಾಳೆ? ಈ ಪ್ರಶ್ನೆ ಆವತ್ತಿನಿಂದ ಅವಳ ತಲೆಯನ್ನು ಕೊರೆಯುತ್ತಿತ್ತು.

ಹುಲಿಗೆಮ್ಮ ಆ ಗುಂಡುಬಂಡೆಯ ಹಿಂದೆ ಹೋಗಿ ನಿಂತಳು. ಎದುರಿಗೆ ಸಣ್ಣ ನೀರಿನ ಪಟ್ಟಿ, ಹೆಚ್ಚೆಂದರೆ ನೂರು ಮಾರು. ಅದರಾಚೆ ಇನ್ನೊಂದು ಗುಡ್ಡದ ನೆತ್ತಿ, ಕುರುಚಲು ಗಿಡ, ಮೇಲೆ ಒಂದರ ಮೇಲೊಂದು ಕೂತ ಬಂಡೆಗಳು.

"ಅದ್ಯಾವುದು?"

"ಗೂಗೆಗುಡ್ಡ," ಎಂದ ಗೋವರ್ಧನ. "ಅಲ್ಲಿಗೆ ಹೋಗಲ್ಲ ಅಮ್ಮಾರೆ. ಸುತ್ತ ಕಲ್ಲು. ಮೋಟರ್ ಫ್ಯಾನು ಮುರೀತೈತೆ. ನೀರು ತುಂಬಿದಾಗಿಂದ ನಾನು ಅಲ್ಲಿ ಕಾಲಿಟ್ಟಿಲ್ಲ."

ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲೂ ಅವನು ಇದನ್ನೇ ಹೇಳಿದ್ದ. ಮುಳುಗುಗಾರರೂ ಅದರ ಸುತ್ತ ನೀರಿನಲ್ಲಿ ಹುಡುಕಿದ್ದರೇ ಹೊರತು ಮೇಲೆ ಹತ್ತಿರಲಿಲ್ಲ. ಹೆಣ ಹುಡುಕುವವರು ಗುಡ್ಡ ಏಕೆ ಹತ್ತುತ್ತಾರೆ?

"ಇಳಿಯೋದು ಬ್ಯಾಡ. ಒಂದು ಸುತ್ತು ಹಾಕಾಣ," ಎಂದಳು ಹುಲಿಗೆಮ್ಮ.

"ಹೊತ್ತಾಗ್ತೈತೆ. ಇನ್ನೂ ಎರಡು ಗಡ್ಡೆ ಅವೆ."

"ಒಂದು ಸುತ್ತು ಕಣಪ್ಪ, ನಿನ್ನ ದಮ್ಮಯ್ಯ," ಎಂದು ಯಶೋದಾ ಕೈಮುಗಿದಳು. ಗೋವರ್ಧನ ಅವಳ ಮುಖ ನೋಡದೆ ಮೋಟರು ಚಾಲೂ ಮಾಡಿದ.

ಗೂಗೆಗುಡ್ಡದ ಹಿಂಭಾಗದಲ್ಲಿ ಅರ್ಧ ಮುಳುಗಿದ ಜಾಲಿಮರವೊಂದಿತ್ತು. ಅದರ ಕೊಂಬೆಯಲ್ಲಿ ಹಳದಿಯದೇನೋ ತೂಗುತ್ತಿತ್ತು. ಹತ್ತಿರ ಬಂದಾಗ ಹುಲಿಗೆಮ್ಮ ಬಗ್ಗಿ ಅದನ್ನು ಹಿಡಿದಳು.

ಮೊಳದುದ್ದದ ನೈಲಾನ್ ಹಗ್ಗ. ಒಂದು ತುದಿಯನ್ನು ಚಾಕುವಿನಿಂದ ಕೊಯ್ದಿದ್ದರು, ಕೊಯ್ದ ಜಾಗ ಇನ್ನೂ ಮಾಸಿರಲಿಲ್ಲ. ಮುಳ್ಳಿನ ಕೊಂಬೆಗೆ ಸಿಕ್ಕಿಕೊಂಡದ್ದನ್ನು ಬಿಡಿಸಲಾಗದೆ ಯಾರೋ ಅವಸರದಲ್ಲಿ ಕತ್ತರಿಸಿಕೊಂಡು ಹೋಗಿದ್ದರು. ಇನ್ನೊಂದು ತುದಿಯಲ್ಲಿ ಒಂದು ಕುಣಿಕೆ. ಹುಲಿಗೆಮ್ಮ ಅದರೊಳಗೆ ಕೈ ತೂರಿಸಿ ಜಗ್ಗಿದಳು. ಕುಣಿಕೆ ಬಿಗಿಯಲಿಲ್ಲ.

ಇನ್ನೊಮ್ಮೆ ಜಗ್ಗಿದಳು. ಆಗಲೂ ಬಿಗಿಯಲಿಲ್ಲ.

ತಿರುಗಿ ನೋಡಿದಳು. ಗೋವರ್ಧನ ಮೋಟರು ನಿಲ್ಲಿಸಿದ್ದ. ಅವನ ಕಣ್ಣು ಆ ಹಳದಿ ಹಗ್ಗದ ಮೇಲೇ ಇತ್ತು. ಇದೇ ಕೈಗಳು ಮೊನ್ನೆ ತನ್ನನ್ನು ಸಾವಿನ ಬಾಯಿಂದ ಎಳೆದುಕೊಂಡಿದ್ದವು. ಈ ಕೈಗಳಿಗೆ ಬೇಡಿ ಹಾಕಿಸುವವಳು ತಾನೇ ಆಗಬೇಕೇ ಎಂದು ಹುಲಿಗೆಮ್ಮನ ಜೀವ ಚೀರಿತು. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅವಳು ಯಾರನ್ನು ಹಿಡಿಯುವಾಗಲೂ ಅತ್ತಿರಲಿಲ್ಲ.

"ದಡಕ್ಕೆ ಬಿಡು," ಎಂದಳು ಮೆಲ್ಲಗೆ.

ಕಾಲಿಟ್ಟೇ ಇಲ್ಲ ಎಂದಿದ್ದವನು ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಒಂದಕ್ಕೂ ತಾಗಿಸದೆ ಬೋಟನ್ನು ನಡೆಸಿ, ಮನೆಯ ಅಂಗಳಕ್ಕೆ ತಂದಂತೆ ತಂದು ನಿಲ್ಲಿಸಿದ.

ಯಶೋದಾ ಏಳಲು ಹೋದಳು. ಹುಲಿಗೆಮ್ಮ ಅವಳ ಹೆಗಲು ಒತ್ತಿ ಕೂರಿಸಿದಳು. ಮೇಲೆ ಏನು ಕಾಣಬೇಕೋ ಅದನ್ನು ಹೆತ್ತವಳು ಮೊದಲು ಕಾಣಬಾರದು.

"ನೀವು ಇಲ್ಲೇ ಕುಂತ್ಕಳ್ರಿ. ನಾವು ನೋಡ್ಕಂಡು ಬರ್ತೀವಿ."

"ಅಕ್ಕ, ಏನಾರ ಸಿಕ್ತಾ?"

"ಗೊತ್ತಿಲ್ಲ ಕಣಮ್ಮ. ಕರೆದಾಗ ಬರ್ರಿ."

ಯಶೋದಾ ಅವಳ ಕೈ ಹಿಡಿದುಕೊಂಡಳು. "ಹನ್ನೆರಡು ವರ್ಷದ ಕೆಳಗೆ ನಮ್ಮನೆಯೋರು ಹೋದಾಗ ಆ ಸ್ಟೇಷನ್ನಾಗೆ ನನ್ನ ಪಕ್ಕ ಕುಂತಿದ್ದೋರು ನೀವೊಬ್ರೇ. ಇವತ್ತೂ ನೀವೇ. ಏನೇ ಸಿಗಲಿ, ನಿಮ್ಮನ್ನ ಮರೆಯಲ್ಲ ನಾನು."

ಹುಲಿಗೆಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು.

ಇಪ್ಪತ್ತು ಹೆಜ್ಜೆ ಮೇಲೇರಿ, ಬೋಟಿನವರೆಗೆ ಮಾತು ಕೇಳಿಸದಷ್ಟು ದೂರ ಬಂದ ಮೇಲೆ ನಿಂತಳು. ಏದುಸಿರು. ಕೈಯಲ್ಲಿದ್ದ ಹಗ್ಗವನ್ನು ಅವನ ಮುಂದೆ ಹಿಡಿದಳು.

"ಇದು ಯಾರ ಗಂಟು?"

ಗೋವರ್ಧನ ನೆಲ ನೋಡಿದ.

"ಬೇರೆ ಯಾವ ಗಂಟು ಹಾಕಿದ್ರೂ ನಾನು ನೋಡ್ತಿರಲಿಲ್ಲ ಕಣೋ. ಸುಮ್ನೆ ಸುತ್ತಿ ಬಿಡಾಕೂ ಬರಲ್ವೇನೋ ನಿಂಗೆ?"

"ಕೈಗೆ ಬರೋದು ಅದೊಂದೇ ಅಮ್ಮಾರೆ."

"ಮುಚ್ಚು ಬಾಯಿ." ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೋಡು, ನನ್ನ ಪ್ರಾಣ ಉಳಿಸಿದೋನು ನೀನು. ಆ ಋಣ ನನ್ನ ತಲೆ ಮೇಲೈತೆ, ಸಾಯೋಗಂಟ ಇರ್ತೈತೆ. ಅದಕ್ಕೇ ಪೊಲೀಸರಿಗಿಂತ ಮೊದ್ಲು ನಾನು ಕೇಳ್ತಾ ಇದೀನಿ. ಒಂದೇ ಮಾತು. ಹುಡುಗಿ ಜೀವಂತ ಅವಳೋ ಇಲ್ವೋ?"

ಗಾಳಿಗೆ ಕುರುಚಲು ಅಲುಗಿತು. ಗೋವರ್ಧನ ಮೇಲಿನ ಬಂಡೆಗಳ ಕಡೆ ನೋಡಿದ.

"ಅವಳೆ," ಎಂದ.

ಹುಲಿಗೆಮ್ಮ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಹಿಡಿದು ಅತ್ತಳು. ಅಳುತ್ತಲೇ ತನ್ನ ಮನೆದೇವರನ್ನೂ, ಕಣಿವೆಯ ಮಾರಮ್ಮನನ್ನೂ, ಎದುರಿಗೆ ನಿಂತಿದ್ದ ಈ ಮಳ್ಳನನ್ನೂ ಒಟ್ಟಿಗೆ ನೆನೆದಳು. ಇಷ್ಟು ಹಗುರ ಅವಳಿಗೆ ನೀರಿನಿಂದ ಮೇಲೆ ಬಂದಾಗಲೂ ಅನಿಸಿರಲಿಲ್ಲ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು.

"ಎಂಟು ದಿನ ಕಣೋ. ಎಂಟು ದಿನ ಆ ತಾಯಿ ನಿನಗೆ ಕೈಮುಗಿದ್ಲು. ನಾಳೆ ಹಾಲು ತುಪ್ಪ ಬಿಡ್ತಾರೆ. ಒಂದು ಮಾತು ಹೇಳಾಕೆ ನಿನ್ನ ನಾಲಿಗೆಗೆ ಏನಾಗಿತ್ತು?"

"ಮಾತು ಕೊಟ್ಟಿದ್ದೆ."

"ಯಾರಿಗೆ?"

"ಮೇಲೆ ಒಬ್ರು ಅಯ್ಯ ಅವರೆ. ಕುರಿ ಕಾಯೋರು. ಇಲ್ಲಿ ಹುಲ್ಲು ಚೆನ್ನಾಗೈತೆ, ತೋಳ ಬರಲ್ಲ, ಬೇಲಿ ಬ್ಯಾಡ. ಯಾರದೋ ಮಂದೆ, ಇವ್ರು ಕೂಲಿಗೆ ಕಾಯ್ತಾರೆ. ನಾನೇ ವಾರಕ್ಕೊಂದ್ಸಲ ಹಿಟ್ಟು, ಉಪ್ಪು ತಂದು ಕೊಡ್ತೀನಿ. ಆ ಹುಡುಗಿನ ನೀರಿಂದ ಎತ್ತಿದ್ದು ಅವ್ರೇ, ನಾನಲ್ಲ. ನಂಗೆ ಗೊತ್ತಾಗಿದ್ದೇ ಮಾರನೇ ದಿನ. ಕಾಲು ಮುರಿದು, ಜ್ವರ ಬಂದು ಬಿದ್ದಿದ್ಲು."

"ಆಸ್ಪತ್ರೆಗೆ ಸೇರಿಸಬೇಕಿತ್ತು."

"ಕರ್ಕಂಡು ಹೋಗ್ತೀನಿ ಅಂದೆ. ಹುಡುಗಿನೇ ಬರಲ್ಲ ಅಂದ್ಲು. ಅಯ್ಯನ್ನ ಬಿಟ್ಟು ಬರಲ್ಲ ಅಂತ ಹಠ. ಅಯ್ಯನೋ, ನಾನು ಇಲ್ಲಿರೋದು ಯಾರಿಗೂ ಗೊತ್ತಾಗಬಾರದು, ಕಾಲು ಕಟ್ಟು ಹಿಡೀಲಿ, ಆಮೇಲೆ ಮಂದೆನ ನಿನ್ನ ಬೋಟಿನಾಗೆ ಹಾಕ್ಕಂಡು ಆಚೆ ದಡಕ್ಕೆ ಹೋಗಿಬಿಡ್ತೀನಿ, ಅವಾಗ ಹೇಳು ಅಂದ್ರು. ಇವತ್ತು ಸಂಜೆ ಹೋಗೋರಿದ್ರು. ಯಶೋದಕ್ಕನಿಗೆ ನಾನೇ ಹೇಳಾನ ಅಂತಿದ್ದೆ. ಬೆಳಿಗ್ಗೆಯಿಂದ ಅದನ್ನೇ ನುಂಗ್ಕಂಡು ಕುಂತಿದೀನಿ."

"ಯಾರೋ ಕುರಿ ಕಾಯೋನು ಹೇಳಿದ್ನಂತೆ, ಇವನು ಕೇಳಿದ್ನಂತೆ."

ಗೋವರ್ಧನ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಹೋದ ವರ್ಷ ನನ್ನ ಮಗಳಿಗೆ ಹಾವು ಕಚ್ಚಿದಾಗ ನಾನು ಊರಾಗಿರಲಿಲ್ಲ. ಎರಡು ಹರದಾರಿ ಹೆಗಲ ಮೇಲೆ ಹೊತ್ಕಂಡು ಓಡಿ, ಬಸ್ ಹತ್ತಿಸಿ, ಹೊಸದುರ್ಗದ ಆಸ್ಪತ್ರೆ ಮುಟ್ಟಿಸಿದ್ದು ಅವ್ರು. ನಿಮಗೆ ಋಣ ಅಂದ್ರೆ ಗೊತ್ತಲ್ಲ ಅಮ್ಮಾರೆ."

ಹುಲಿಗೆಮ್ಮ ಅವನ ತೋಳು ಹಿಡಿದು ಎದ್ದಳು. "ನಡಿ," ಎಂದಳು.

ಬಂಡೆಗಳ ಸಂದಿಯಲ್ಲಿ ಮೂರು ಕಲ್ಲಿನ ಒಲೆ, ಮಸಿ ಹಿಡಿದ ಪಾತ್ರೆ, ಒಣಗಲು ಹರವಿದ ಹರಕು ದುಪಟ್ಟ. ಸುತ್ತ ನಲವತ್ತು ಐವತ್ತು ಕುರಿಗಳು ನೆರಳಿಗೆ ತಲೆ ತೂರಿಸಿ ನಿಂತಿದ್ದವು. ಚಾಚಿದ ಬಂಡೆಯ ಕೆಳಗೆ ಹಾಸಿದ ಕಂಬಳಿಯ ಮೇಲೆ, ಬಿದಿರು ದಬ್ಬೆ ಕಟ್ಟಿದ ಕಾಲು ಚಾಚಿಕೊಂಡು, ಫೋಟೋದಲ್ಲಿದ್ದ ಹುಡುಗಿ ಕೂತಿದ್ದಳು. ಕೆನ್ನೆ ಇಳಿದಿತ್ತು. ಕಣ್ಣು ಮಾತ್ರ ಚೆನ್ನಾಗಿ ಬೆಳಗುತ್ತಿತ್ತು.

"ಅಂಜಲಿ," ಎಂದಳು ಹುಲಿಗೆಮ್ಮ. ಹೋಗಿ ಆ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ನೀವು ಯಾರು? ಅಮ್ಮ ಬಂದಾಳಾ?"

"ಕೆಳಗೆ ಬೋಟಿನಾಗೆ ಕುಂತಾಳೆ. ನಾನು ಹುಲಿಗೆಮ್ಮ. ನಿಮ್ಮಮ್ಮನ ಕಡೆಯೋಳು ಅನ್ಕ. ಯಾರು ತಳ್ಳಿದ್ರೇ ನಿನ್ನ?"

"ಯಾರೂ ತಳ್ಳಲಿಲ್ಲ. ನಾನೇ ಇಳಿದಿದ್ದು."

"ಏನು?"

"ಆ ಬಂಡೆ ಹಿಂದೆ ನಿಂತು ಫೋಟೋ ತೆಗೀತಿದ್ದೆ. ಈ ಗುಡ್ಡದ ಮೇಲೆ ಒಬ್ರು ಕುರಿ ಹೊಡೀತಾ ನಡೆದು ಹೋದ್ರು. ನಡೆಯೋದು ನೋಡಿದೆ. ಎಡಗಾಲು ಸ್ವಲ್ಪ ಎಳೀತಾರೆ. ನಂಗೆ ಹನ್ನೆರಡು ವರ್ಷ ಆಗೋಗಂಟ ದಿನಾ ನೋಡಿದ್ದ ನಡಿಗೆ. ಕೂಗಿದೆ, ಕೇಳಿಸಲಿಲ್ಲ. ಇಷ್ಟೇ ನೀರಲ್ವಾ, ಜಾಕೆಟ್ಟೂ ಐತಲ್ಲ ಅಂತ ಇಳಿದುಬಿಟ್ಟೆ." ಅಂಜಲಿ ದಬ್ಬೆ ಕಟ್ಟಿದ ಕಾಲನ್ನು ಸವರಿಕೊಂಡಳು. "ಮಧ್ಯ ಮುಳುಗಿರೋ ಮರದ ಕೊಂಬೆಗೆ ಜಾಕೆಟ್ಟು ಸಿಕ್ಕಂಡ್ತು. ಬಕಲು ಬಿಚ್ಚಿದೆ. ಬಿಚ್ಚಿದ ಮೇಲೆ ಕಾಲು ಸಿಕ್ಕಂಡ್ತು. ಆಮೇಲೆ ನೀರು ಕುಡಿದಿದ್ದೇ ನೆನಪು. ಅಪ್ಪ ನೋಡಿ ಹಾರಿದ್ರಂತೆ."

"ಯಾರು?"

"ಅಪ್ಪ."

ಬಂಡೆಯ ಆ ಕಡೆ ಒಂದು ಕುರಿ ಕೆಮ್ಮಿತು. ಹುಲಿಗೆಮ್ಮ ಕತ್ತು ತಿರುಗಿಸಿದಳು. ತಲೆಯ ಮೇಲಿಂದ ಕಂಬಳಿಯ ಗೊಪ್ಪೆ ಹಾಕಿಕೊಂಡ ಒಬ್ಬ ಮನುಷ್ಯ ಅವಳಿಗೆ ಬೆನ್ನು ಮಾಡಿ ನಿಂತಿದ್ದ. ಓಡಲು ಜಾಗವಿರಲಿಲ್ಲ, ಸುತ್ತ ನೀರು. ಅದು ಅವನಿಗೂ ಗೊತ್ತಾಯಿತೆಂದು ಕಾಣುತ್ತದೆ, ಮೆಲ್ಲಗೆ ತಿರುಗಿ ಕಂಬಳಿಯನ್ನು ತಲೆಯಿಂದ ಇಳಿಸಿದ.

ಹುಬ್ಬಿನ ಮೇಲೆ ಅಡ್ಡ ಗಾಯದ ಗುರುತು. ಹುಲಿಗೆಮ್ಮ ಆ ಮುಖವನ್ನು ಬಲ್ಲಳು. ಜುಂಜಯ್ಯ. ಹನ್ನೆರಡು ವರ್ಷದ ಹಿಂದೆ ಅವಳು ರೈಟರ್ ಆಗಿದ್ದ ಠಾಣೆಗೆ, ಕುರಿ ಕಳವಾಗಿದೆ ಎಂದು ಮೂರು ಸಲ ದೂರು ಕೊಡಲು ಬಂದವನು. ಮೂರು ಸಲವೂ ಅವನನ್ನು ಗದರಿಸಿ ಕಳಿಸಿದ್ದ ಅವಳ ಪಕ್ಕದ ಮೇಜಿನವರು ಆಮೇಲೆ ಒಂದು ದಿನ ಹೇಳದೆ ಕೇಳದೆ ಎಲ್ಲೋ ಹೋದವರು ಮತ್ತೆ ಸಿಕ್ಕಿರಲಿಲ್ಲ. ನಾಲ್ಕನೆಯ ಸಲ ಅವನು ಬಂದಿರಲಿಲ್ಲ. ಒಂದು ಹಾಳುಬಾವಿಯಿಂದ ಹೆಣವಾಗಿ ಮೇಲೆ ಬಂದಿದ್ದ. ಅದರ ಪಂಚನಾಮೆ ಬರೆದವಳು ಹುಲಿಗೆಮ್ಮ. ತಿಂಗಳು ನೀರಿನಲ್ಲಿದ್ದ ದೇಹ, ಮುಖ ಉಳಿದಿರಲಿಲ್ಲ, ಮೈಮೇಲಿನ ಕಂಬಳಿ ನೋಡಿ ಮನೆಯವರು ಗುರುತು ಹಿಡಿದರು ಎಂದು ಅವಳೇ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು.

"ನೀವು ಜುಂಜಯ್ಯ ಅಲ್ವಾ?"

"ಹೌದ್ರಿ ಮೇಡಂ," ಎಂದ ಅವನು. "ಮಗಳ ಜೀವ ಉಳೀತು, ಸಾಕು ನಂಗೆ. ಇನ್ನು ನೀವು ಏನು ಬರ್ಕಂತೀರೋ ಬರ್ಕಳ್ರಿ."

ಅಷ್ಟರಲ್ಲಿ ಕೆಳಗಿನಿಂದ ಕಲ್ಲು ಉರುಳುವ ಸದ್ದು ಬಂತು. ಕರೆದಾಗ ಬನ್ನಿ ಎಂದರೆ ಯಾವ ತಾಯಿ ಕೂತಿರುತ್ತಾಳೆ? ಯಶೋದಾ ಬರಿಗಾಲಿನಲ್ಲಿ, ಮುಳ್ಳು ಲೆಕ್ಕಿಸದೆ ಹತ್ತಿ ಬಂದಳು. ಮಗಳನ್ನು ಕಂಡಳು. ಕೂಗಲಿಲ್ಲ, ಬೀಳಲಿಲ್ಲ. ಹೋಗಿ ಪಕ್ಕದಲ್ಲಿ ಕೂತು ಹುಡುಗಿಯ ಹಣೆ, ಕಣ್ಣು, ಕೈಬೆರಳು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅಪ್ಪಿಕೊಂಡಳು. ಆ ಅಪ್ಪುಗೆಯಿಂದ ಒಂದು ದನಿ ಹೊರಟಿತು. ಗೋವರ್ಧನ ಮುಖ ತಿರುಗಿಸಿಕೊಂಡು ಅಳತೊಡಗಿದ.

ಮಗಳ ಹೆಗಲ ಮೇಲಿಂದ ಯಶೋದಾಳ ಕಣ್ಣು ಜುಂಜಯ್ಯನ ಮೇಲೆ ಬಿತ್ತು. ಹುಲಿಗೆಮ್ಮ ಅವಳನ್ನು ಹಿಡಿದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟಳು. ಸತ್ತ ಗಂಡನನ್ನು ಎದುರಿಗೆ ಕಂಡವಳು ಕಿರುಚುತ್ತಾಳೆ, ಇಲ್ಲವೇ ಮೂರ್ಛೆ ಹೋಗುತ್ತಾಳೆ.

ಯಶೋದಾ ಎರಡೂ ಮಾಡಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಷ್ಟೊಂದು ನರೆತು ಹೋದ್ರಾ," ಎಂದಳು.

ಹುಲಿಗೆಮ್ಮನ ಎತ್ತಿದ ಕಾಲು ಅಲ್ಲೇ ನಿಂತಿತು. ಬಾವಿಯ ಕಟ್ಟೆಯ ಮೇಲೆ ಬಟ್ಟೆ ಸರಿಸಿ, ಒಂದು ಗಳಿಗೆ ನೋಡಿ, 'ಹೌದು, ಇವರೇ ನಮ್ಮನೆಯವರು' ಎಂದವಳು ಇದೇ ಯಶೋದಾ. ಅವಳಿಗೆ ನೀರು ಕುಡಿಸಿ, ಹೆಬ್ಬೆಟ್ಟು ಬೇಡಮ್ಮ, ಸಹಿ ಮಾಡು ಎಂದು ಪೆನ್ನು ಕೊಟ್ಟವಳು ತಾನೇ.

"ಯಶೋದಮ್ಮ," ಎಂದಳು. "ಅವತ್ತು ನೀವು ಗುರುತು ಹಿಡಿದಿದ್ದು ಯಾರನ್ನ?"

"ಹೇಳಬ್ಯಾಡ ಕಣೇ," ಎಂದ ಜುಂಜಯ್ಯ.

"ಹೇಳ್ತೀನಿ." ಯಶೋದಾ ಮಗಳನ್ನು ಬಿಟ್ಟು ಎದ್ದಳು. ಹತ್ತಿರ ಬಂದು, ಬೆಳಗಿನಿಂದ ಎಷ್ಟು ಸಲ ಮುಗಿದಿದ್ದಳೋ ಅಷ್ಟೇ ಮನಸಾರೆ ಹುಲಿಗೆಮ್ಮನಿಗೆ ಕೈಮುಗಿದಳು. "ಮಗಳನ್ನ ಕೈಗೆ ಕೊಟ್ಟೋರ ಮುಂದೆ ಇನ್ನೂ ಸುಳ್ಳು ಹೇಳಿದ್ರೆ ನಾನು ಮನುಷ್ಯಳಲ್ಲ. ಅದು ನಿಮ್ಮ ಸ್ಟೇಷನ್ನೋರೇ ಅಕ್ಕ. ನಿಮ್ಮ ಪಕ್ಕದ ಮೇಜಿನಾಗೆ ಕೂರ್ತಿದ್ರಲ್ಲ, ನಮ್ಮ ದೂರು ಬರ್ಕಳ್ದೆ ಓಡಿಸಿದೋರು, ಅವ್ರು. ಅವರಿಗೆ ನಮ್ಮನೆಯೋರ ಕಂಬಳಿ ಸುತ್ತಿದ್ದು ನಾನೇ."